ಕಚೇರಿಗೆ ಹೋದ ಸಂತ

ನನ್ನ ವೈನಿ ಸುಗಂಧಾ ಸಂತ ಅಂತೋಣಿಯನ್ನು ಕದ್ದಳೆಂದು ಹುಮನಾಬಾದಿನಲ್ಲಿ ಕೆಲವರು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ಅವಳು ಕದಿಯಲಿಲ್ಲ. ಸಾಕ್ಷಿ ಹೇಳಿಸಲು ಕಚೇರಿಗೆ ಕರೆದೊಯ್ದಳು. ಹಾಡಹಗಲಿನಲ್ಲಿ, ತಲೆಯ ಮೇಲೆ ಹೊತ್ತುಕೊಂಡು, ಏಳು ಹರದಾರಿ ನಡೆದಳು. ಕದ್ದವರು ಹಾಗೆ ಹೋಗುವುದಿಲ್ಲ. ಅವಳ ಹಿಂದೆ ನಡೆದವನು ನಾನು, ಅವಳ ಮೈದುನ ಮಚ್ಚೇಂದ್ರ. ಕಂಡದ್ದನ್ನು ಹೇಳುತ್ತೇನೆ.

ನಾವು ಮಾದಿಗರು. ಘಾಟಬೋರಾಳದಿಂದ ಆಚೆ ಒಂದು ಸಣ್ಣ ವಾಡಿ ನಮ್ಮದು. ಸತ್ತ ದನ ಎಳೆಯುವುದು, ಸುಲಿಯುವುದು, ತೊಗಲು ಹದ ಮಾಡುವುದು, ಕರೆದಾಗ ಪಾಟೀಲನ ಮನೆಯ ಬಿಟ್ಟಿ ಚಾಕರಿಗೆ ಓಡುವುದು, ಇಷ್ಟೇ ನಮ್ಮ ಪಾಲಿಗೆ ಬಂದದ್ದು. ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಮ್ಮ ಕೇರಿಯ ಆರು ಮನೆಯವರು ಕ್ರೈಸ್ತರಾದರು. ಹುಮನಾಬಾದಿನ ಅಂಚಿಗೆ ಆಗ ಒಂದು ತಗಡಿನ ಗಿರ್ಜಾ ಇತ್ತು. ಅಲ್ಲಿಯ ಪಾದ್ರಿ ತಲೆಯ ಮೇಲೆ ನೀರು ಹಾಕಿ ನನ್ನ ಅಣ್ಣ ನರಸಿಂಗನಿಗೆ ಜೋಸೆಫ್ ಎಂದು ಹೆಸರಿಟ್ಟ. ನಾನು ಮತ್ತಾಯನಾದೆ. ಹೆಸರು ಬದಲಾದ ವಾರಕ್ಕೆ ಅಣ್ಣ ಪಾಟೀಲ ಮಹಾರುದ್ರಪ್ಪನ ಅಂಗಳದಾಚೆ ನಿಂತು, ಇನ್ನು ಮುಂದೆ ನಿಮ್ಮ ಸತ್ತ ದನ ಎಳೆಯುವುದಿಲ್ಲ, ಬಿಟ್ಟಿಗೂ ಬರುವುದಿಲ್ಲ ಎಂದು ಹೇಳಿ ಬಂದ. ಪಾಟೀಲ ಸಿಟ್ಟಾಗಲಿಲ್ಲ, ನಕ್ಕನಂತೆ. ಆ ನಗೆಯ ಅರ್ಥ ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು.

ಸಾವಿರದ ಒಂಬೈನೂರ ನಲವತ್ತೆಂಟು. ಗೋರ್ಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳ ಸುದ್ದಿ ಕೇಳಿ ಸುತ್ತಿನ ಊರುಗಳೆಲ್ಲ ಗಂಟುಮೂಟೆ ಕಟ್ಟಿ ಕುಳಿತಿದ್ದವು. ಜೂನ್ ಹನ್ನೆರಡು, ಶನಿವಾರ ಮಧ್ಯಾಹ್ನ, ರಜಾಕಾರರು ನಮ್ಮ ವಾಡಿಗೂ ಬಂದರು. ಪಾಟೀಲನ ಜೋಳದ ಹಗೇವು ಬಗೆದರು, ಎತ್ತು ಹೊಡೆದುಕೊಂಡು ಹೋದರು. ಅಂದು ಅಣ್ಣ ಊರಲ್ಲಿ ಇರಲೇ ಇಲ್ಲ. ಅವನು ಹುಮನಾಬಾದಿನಲ್ಲಿ ಸಂತನನ್ನು ಹೊರುತ್ತಿದ್ದ.

ಮರುದಿನ ಅಂತೋಣಿಯ ಹಬ್ಬ. ಹೈದರಾಬಾದಿನಿಂದ ಮೋಟಾರಿನಲ್ಲಿ ಮರದ ಪೆಟ್ಟಿಗೆ ಬಂದಿತ್ತು. ಒಳಗೆ ಹುಲ್ಲು, ಹುಲ್ಲಿನ ನಡುವೆ ಬಿಳಿಮಣ್ಣಿನ ಸಂತ, ಮೂರು ಅಡಿ ಎತ್ತರ, ತೋಳಿನಲ್ಲಿ ಬಾಲಯೇಸು. ಮೋಟಾರ್ ಅಡ್ಡಾದಿಂದ ಗಿರ್ಜಾದವರೆಗೆ ಅಣ್ಣ ಒಬ್ಬನೇ ಆ ಪೆಟ್ಟಿಗೆಯನ್ನು ಹೊತ್ತು ತಂದ. ಮೊಳೆ ಕಿತ್ತು ಮುಚ್ಚಳ ತೆಗೆದವನೂ ಅವನೇ. ಅಷ್ಟಾದ ಮೇಲೆ ಉಪದೇಶಿ ಇನ್ನಾಸಪ್ಪ, ಸಾಕು, ದೂರ ಸರಿ ಎಂದ. ಇನ್ನಾಸಪ್ಪ ಮುದಗಲ್ಲಿನ ಕಡೆಯವನು. ತಲೆತಲಾಂತರದ ಕ್ರೈಸ್ತ. ಪಾದ್ರಿಯ ಅರ್ಧಂಬರ್ಧ ಕನ್ನಡವನ್ನು ನಮಗೆ ತಿಳಿಸಿ ಹೇಳುವುದು, ನಾವು ಎಲ್ಲಿ ಕೂರಬೇಕು, ಏನು ಮುಟ್ಟಬೇಕು ಎಂದು ತೋರಿಸುವುದು ಅವನ ಕೆಲಸ. ನಾವು ಮುಟ್ಟಬಹುದಾಗಿದ್ದು ಗಿರ್ಜಾದ ನೆಲ, ಕಸಬರಿಗೆ, ಸೆಗಣಿ. ಪೆಟ್ಟಿಗೆಯೊಳಗೆ ಇರುವಾಗ ಅಣ್ಣನ ತಲೆಯ ಮೇಲೆ ಕುಳಿತು ಬಂದ ಸಂತನಿಗೆ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಮಡಿ ನೆನಪಾಯಿತು. ಪಾದ್ರಿ ನೋಡುತ್ತಲೇ ಇದ್ದ. ಊರ ರೂಢಿ ಎಂದು ಸುಮ್ಮನಿದ್ದ. ಅಣ್ಣ ಅಲ್ಲೇ ಉಳಿದು, ಹಬ್ಬದ ಕಟ್ಟಿಗೆ ಒಡೆದು, ನೀರು ಹೊತ್ತು, ಭಾನುವಾರ ಸಂಜೆ ಮನೆಗೆ ಬಂದ.

ಸೆಪ್ಟೆಂಬರಿನಲ್ಲಿ ಮಿಲಿಟರಿ ಬಂತು. ರಜಾಕಾರರು ಓಡಿದರು, ಸಿಕ್ಕವರು ಸತ್ತರು. ಅವರೊಂದಿಗೆ ಏನೂ ಮಾಡದ ಎಷ್ಟೋ ಮುಸಲ್ಮಾನರೂ ಸತ್ತರು. ಆಮೇಲೆ ರಜಾಕಾರರ ಜೊತೆಗಿದ್ದವರೆಂದು ಹೆಸರು ಬರೆಸುವ ಹಂಗಾಮು ಬಂತು. ಯಾರ ಮೇಲೆ ಯಾರಿಗೆ ಸಿಟ್ಟಿತ್ತೋ ಅವರ ಹೆಸರು ಕಚೇರಿಗೆ ಹೋಯಿತು. ಮಹಾರುದ್ರಪ್ಪ ನಮ್ಮ ಅಣ್ಣನ ಹೆಸರು ಬರೆಸಿದ. ನರಸಿಂಗ ರಜಾಕಾರರಿಗೆ ನನ್ನ ಹಗೇವು ತೋರಿಸಿದ, ಲೂಟಿಯ ಮೂಟೆ ಹೊತ್ತ, ಕಣ್ಣಾರೆ ಕಂಡಿದ್ದೇನೆ ಎಂದ. ಅಕ್ಟೋಬರಿನಲ್ಲಿ ಪೊಲೀಸರು ಅಣ್ಣನನ್ನು ಕಟ್ಟಿ ಕಲ್ಯಾಣಿಗೆ ಒಯ್ದರು. ನೀವು ಈಗ ಬಸವಕಲ್ಯಾಣ ಅನ್ನುತ್ತೀರಲ್ಲ, ಅದೇ ಊರು. ಅಲ್ಲಿಯ ಕಿಲ್ಲೆಯೊಳಗೆ ಹಾಕಿದರು.

ನಾವು ಹೋಗಿ ಕಚೇರಿಯ ಮುಂದೆ ಕೈಮುಗಿದು ನಿಂತೆವು. ಮನೆಯವರ ಸಾಕ್ಷಿ ನಡೆಯುವುದಿಲ್ಲ ಎಂದರು. ಕೇರಿಯವರ ಸಾಕ್ಷಿ ಎಂದರೆ ನಕ್ಕರು. ಬಾಗಿಲಲ್ಲಿದ್ದ ಜವಾನ ಅಬ್ದುಲ್ ಕರೀಂ ಮಾತ್ರ ಸುಗಂಧಾಳನ್ನು ಗೋಡೆಯ ಮಗ್ಗುಲಿಗೆ ಕರೆದ. ಅವನ ಮನೆಯಲ್ಲೂ ಇಬ್ಬರು ಗಂಡಸರು ಹೊರಗೆ ಹೋದವರು ತಿರುಗಿ ಬಂದಿರಲಿಲ್ಲ. ಆ ದಿನಗಳಲ್ಲಿ ಅವನು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

"ತಂಗೀ, ಒಬ್ಬ ದೊಡ್ಡ ಮನಷ್ಯಾ ಬಂದು, ಆ ದಿನ ಇಂವ ನನ್ನ ಹತ್ರ ಇದ್ದ ಅಂತ ಹೇಳಬೇಕು ನೋಡು. ಇಲ್ಲಾಂದ್ರ ನಿಮ್ಮ ಬಡಾದಿನಕಿಂತ ಮೊದಲ ಕೈದಿಗಳ ಪಟ್ಟಿ ಗುಲ್ಬರ್ಗಾ ಜೇಲಿಗಿ ಹೋಗ್ತದ. ಅಲ್ಲಿಗಿ ಹೋದವ್ರು ಯಾವಾಗ ಬರ್ತಾರ, ಅಲ್ಲಾನೇ ಬಲ್ಲ."

ಬಡಾದಿನ ಎಂದರೆ ಕ್ರಿಸ್ತಜಯಂತಿ. ಎರಡು ತಿಂಗಳಿತ್ತು. ನಮಗೆ ಗೊತ್ತಿದ್ದ ದೊಡ್ಡ ಮನುಷ್ಯ ಒಬ್ಬನೇ, ಪಾದ್ರಿ. ಅಣ್ಣ ಆ ಎರಡೂ ದಿನ ಅವನ ಕಣ್ಣೆದುರಿಗೇ ಇದ್ದ. ಕೆಲಸ ಆಯಿತೆಂದೇ ನಾನು ತಿಳಿದೆ.

ಪಾದ್ರಿ ಗಿರ್ಜಾದ ಪಡಸಾಲೆಯಲ್ಲಿ ಕುಳಿತು ಚಷ್ಮಾ ಒರೆಸಿಕೊಳ್ಳುತ್ತಿದ್ದ. ಸುಗಂಧಾ ಮೆಟ್ಟಿಲ ಕೆಳಗೆ ನಿಂತಳು. ಇನ್ನಾಸಪ್ಪ ಮೇಲೆ ನಿಂತ.

"ಪಾದ್ರಿಸಾಬ್ರೆ, ನೀವು ಒಂದ ಸಲ ಕಲ್ಯಾಣಿಗಿ ಬರ್ರಿ. ಆ ದಿನ ಅಂವ ಇಲ್ಲೇ ಇದ್ದ ಅಂತ ಹೇಳ್ರಿ. ಅಷ್ಟ ಸಾಕು."

ಪಾದ್ರಿ ಚಷ್ಮಾ ಹಾಕಿಕೊಂಡ. ಅವನ ಕನ್ನಡ ಜಪದ ಪುಸ್ತಕದ ಕನ್ನಡ. "ಮಗಳೇ, ನಾವು ಸರಕಾರದ ಕಾರ್ಯಗಳಲ್ಲಿ ಪ್ರವೇಶಿಸಬಾರದು. ನೀನು ಸಂತ ಅಂತೋಣಿಯವರಿಗೆ ಮೊರೆಯಿಡು. ಕಳೆದುಹೋದದ್ದನ್ನು ಅವರು ಹುಡುಕಿ ಕೊಡುತ್ತಾರೆ."

"ನನ್ನ ಗಂಡ ಕಳದಿಲ್ರಿ. ಕಲ್ಯಾಣಿ ಕಿಲ್ಲೇದಾಗ ಅದಾನ. ನನಗ ಗೊತ್ತದ."

"ನಾವು ಪಾಪಿಗಳು. ದೇವರ ಸನ್ನಿಧಿಗೆ ನೇರವಾಗಿ ಹೋಗಲು ಯೋಗ್ಯರಲ್ಲ. ಸಂತರು ನಮ್ಮ ಪರವಾಗಿ ದೇವರಲ್ಲಿ ಬೇಡುತ್ತಾರೆ."

ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಟೀಲನ ಹತ್ತಿರ ಮಾತಾಡಬೇಕಾದರೆ ತಳವಾರನನ್ನು ಹಿಡಿಯಬೇಕು, ತಳವಾರನ ಹತ್ತಿರ ಮಾತಾಡಲು ಅವನ ಹೆಂಡತಿಯನ್ನು. ಹುಟ್ಟಿದಾಗಿನಿಂದ ನಾವು ಬದುಕಿದ್ದೇ ಶಿಫಾರಸಿನ ಮೇಲೆ. ಸ್ವರ್ಗದಲ್ಲೂ ಅದೇ ಏರ್ಪಾಡು ಎಂದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಸುಗಂಧಾಳಿಗೂ ಆಗಲಿಲ್ಲ. ಅವಳು ಲೆಕ್ಕ ಸರಿಯಾಗಿ ಹಿಡಿದಳು.

"ದೇವರ ತನಕ ಸಂತರು ಹೋಗ್ಲಿರಿ. ಸಾಹೇಬನ ತನಕ ನೀವು ಬರ್ರಿ."

"ಏ, ಬಾಯಿ ಬಿಗಿ ಹಿಡಿ," ಎಂದು ಇನ್ನಾಸಪ್ಪ ಗದರಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಿಜ ಹೇಳಿದ. ಪಾದ್ರಿ ಪರದೇಶದವನು. ಈ ದೇಶದಲ್ಲಿ ಉಳಿಯುವ ಅವನ ಕಾಗದ ಹೊಸ ಸರಕಾರದ ಮುಂದಿದೆ. ರಜಾಕಾರ ಎಂದು ಹಿಡಿದವನ ಪರವಾಗಿ ಮಾತಾಡಿದರೆ ಕಾಗದಕ್ಕೆ ಕುತ್ತು. "ಒಬ್ಬ ನರಸಿಂಗನ ಸಲುವಾಗಿ ಇಡೀ ಗಿರ್ಜಾ ಮುಚ್ಚಬೇಕೇನು? ನೀ ಓದಿದಾಂವ, ಆಕಿಗಿ ತಿಳಿಸಿ ಹೇಳು."

ನಾನು ಓದಿದವನು. ಮಿಷನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಜಪದ ಪುಸ್ತಕ ತಡವರಿಸದೆ ಓದುತ್ತಿದ್ದೆ. ಮುಂದೆ ಉಪದೇಶಿಯಾಗುವ ಆಸೆ ಇತ್ತು, ಇನ್ನಾಸಪ್ಪ ಆಗಾಗ ಆ ಆಸೆಗೆ ನೀರೆರೆಯುತ್ತಿದ್ದ. ಆದ್ದರಿಂದ ನಾನು ಹೋಗಿ ಸುಗಂಧಾಳಿಗೆ ತಿಳಿಸಿ ಹೇಳಿದೆ. ಒಂಬತ್ತು ಮಂಗಳವಾರ ಜಪ ಮಾಡಿದರೆ ಅಂತೋಣಿ ಕೇಳಿದ್ದನ್ನು ಕೊಡದೆ ಇರುವುದಿಲ್ಲ ಎಂದೆ. ಇದನ್ನು ಹೇಳಲು ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಅವಳು ಒಂಬತ್ತು ಮಂಗಳವಾರ ನಡೆದಳು. ನಮ್ಮ ವಾಡಿಯಿಂದ ಹುಮನಾಬಾದಿಗೆ ಮೂರು ಹರದಾರಿ. ಕೋಳಿ ಕೂಗುವ ಮೊದಲೇ ಎದ್ದು ಬಂದು, ಮೊದಲು ಗಿರ್ಜಾದ ನೆಲ ಸಾರಿಸಬೇಕು. ಅದಕ್ಕೆ ಸೇವೆ ಎಂದು ಹೆಸರು. ಸುಣ್ಣ, ತಂಗಡಿ ತೊಗಟೆ, ಹಸಿ ತೊಗಲು ಹಿಡಿದು ಹಿಡಿದು ಅವಳ ಕೈ ಮೊದಲೇ ಬಿರಿದಿತ್ತು. ಸೆಗಣಿಯ ನೀರು ಆ ಬಿರುಕಿಗೆ ಇಳಿದರೆ ಉರಿ ಮೊಣಕೈಗೆ ಏರುತ್ತಿತ್ತು. ಸಾರಿಸಿದ ಮೇಲೆ, ಬಾಗಿಲ ಹತ್ತಿರ, ನಮಗೆಂದು ಬಿಟ್ಟ ಜಾಗದಲ್ಲಿ ಮೊಣಕಾಲೂರಬೇಕು. ಅವಳು ತಂದ ಮೇಣದ ಬತ್ತಿಯನ್ನು ಇನ್ನಾಸಪ್ಪ ನೆಲದ ಮೇಲೆ ಇಡಿಸಿಕೊಂಡು, ತಾನು ಎತ್ತಿ, ಸಂತನ ಮುಂದೆ ಹಚ್ಚುತ್ತಿದ್ದ. ನಾನು ಜಪ ಓದುತ್ತಿದ್ದೆ. ಅವಳು ನನ್ನ ಹಿಂದೆ ಹೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಗಟ್ಟಿಯಾಗಿ ಒಂದೇ ಮಾತು ಸೇರಿಸುತ್ತಿದ್ದಳು. "ನನ್ನ ಗಂಡನ ಹೆಸರು ನರಸಿಂಗ. ಕಿಲ್ಲೇದಾಗ ಅದಾನ. ಜಲ್ದಿ ಹೇಳ್ರಿ ನಿಮ್ಮ ದೇವರಿಗಿ."

ನಡುವೆ ಎರಡು ಸಲ ರೊಟ್ಟಿ ಕಟ್ಟಿಕೊಂಡು ಕಲ್ಯಾಣಿಗೆ ಹೋಗಿ ಬಂದಳು. ಎರಡನೆಯ ಸಲ ಅಬ್ದುಲ್ ಕರೀಂ ರೊಟ್ಟಿಯ ಗಂಟು ಒಳಗೆ ಮುಟ್ಟಿಸಿ ಬಂದು, ನಿನ್ನ ಗಂಡನ ಎಡಗೈ ಬಾತದ, ಹೊಡದಾರ ಎಂದಷ್ಟೇ ಹೇಳಿದ.

ಏಳನೆಯ ಮಂಗಳವಾರ ಪಾದ್ರಿ ಅವಳನ್ನು ಪಾಪನಿವೇದನೆಗೆ ಕೂಡಿಸಿದ. ಜಾಲರಿಯ ಆಚೆ ಅವನು, ಈಚೆ ಇವಳು. ನಿನಗೆ ಯಾರ ಮೇಲಾದರೂ ದ್ವೇಷ ಇದೆಯೇ ಎಂದು ಕೇಳಿದನಂತೆ. ಅದ, ಪಾಟೀಲನ ಮ್ಯಾಲ ಅದ ಎಂದಳಂತೆ. ದ್ವೇಷ ಇರುವವರ ಪ್ರಾರ್ಥನೆ ಮೇಲೆ ಏರುವುದಿಲ್ಲ, ಆದ್ದರಿಂದಲೇ ನಿನ್ನ ಮೊರೆ ಇನ್ನೂ ಮುಟ್ಟಿಲ್ಲ, ಅವನನ್ನು ಕ್ಷಮಿಸು ಎಂದನಂತೆ. ಹೊರಗೆ ಬಂದು ಅವಳು ಬೇವಿನ ಗಿಡದ ಕೆಳಗೆ ಕುಳಿತಳು.

"ನೋಡು ಮಚ್ಚೇಂದ್ರ," ಎಂದಳು. "ಪಾಟೀಲ ಸುಳ್ಳು ಹೇಳ್ದ. ಪೊಲೀಸ್ರು ಹೊಡದ್ರು. ಪಾದ್ರಿ ಬಾಯಿ ತೆರಿಲಿಲ್ಲ. ಇಷ್ಟು ಮಂದ್ಯಾಗ ತಪ್ಪು ಹುಡುಕಿ ಹುಡುಕಿ ಕಡೀಕ ನನ್ನ ಹತ್ರ ಸಿಕ್ತು ಅವ್ರಿಗಿ."

ನಾನು ಸಮಾಧಾನ ಹೇಳಲು ಹೋದೆ. ಅವಳು ಎದ್ದು ಹೋದಳು.

ಡಿಸೆಂಬರ್ ಹದಿನಾಲ್ಕಕ್ಕೆ ಒಂಬತ್ತನೆಯ ಮಂಗಳವಾರ ಮುಗಿಯಿತು. ಏನೂ ಆಗಲಿಲ್ಲ. ಆಗುವುದಾದರೂ ಏನು? ಪಟ್ಟಿ ಮುಂದಿನ ವಾರದ ಗುರುವಾರ ಹೋಗುತ್ತದೆ ಎಂದು ಸುದ್ದಿ ಬಂದಿತ್ತು. ಸುಗಂಧಾ ಮತ್ತೆ ಮೆಟ್ಟಿಲ ಕೆಳಗೆ ನಿಂತಳು.

"ಒಂಬತ್ತೂ ಮುಗದ್ವುರಿ. ಕಚೇರ್ಯಾಗ ಸಾಕ್ಷಿ ಕೇಳಾಕತ್ತಾರ. ನಾ ಯಾರಿಗಿ ಒಯ್ಲಿ?"

ಪಾದ್ರಿ ಸೈಕಲ್ಲಿನ ಮೇಲೆ ಹಳ್ಳಿಗೆ ಹೊರಟಿದ್ದ. ಅವಸರದಲ್ಲಿದ್ದ. "ಮಗಳೇ, ನಿನಗೆ ಮನುಷ್ಯರ ಸಾಕ್ಷಿ ಯಾಕೆ ಬೇಕು? ಸಂತರೇ ನಿನ್ನ ಸಾಕ್ಷಿ. ಅವರು ನೋಡಿದ್ದಾರೆ."

"ಅವ್ರು ನೋಡ್ಯಾರೇನ್ರಿ?"

"ನೋಡಿದ್ದಾರೆ."

"ಆ ದಿನ ನನ್ನ ಗಂಡ ಇಲ್ಲೇ ಇದ್ದಿದ್ದು ಖರೇನ ನೋಡ್ಯಾರ?"

"ಸಂತರು ಎಲ್ಲವನ್ನೂ ನೋಡುತ್ತಾರೆ."

"ಆಯ್ತ್ರಿ," ಎಂದಳು ಸುಗಂಧಾ. ಪಾದ್ರಿ ಅವಳ ತಲೆಯ ಮೇಲೆ ಗಾಳಿಯಲ್ಲಿ ಶಿಲುಬೆ ಬರೆದು ಸೈಕಲ್ ಹತ್ತಿದ.

ಮುಂದಿನ ಮಂಗಳವಾರ ಜಪವಿಲ್ಲದಿದ್ದರೂ ಅವಳು ನನ್ನನ್ನು ಎಬ್ಬಿಸಿ ಕರೆದುಕೊಂಡು ಬಂದಳು. ಬಡಾದಿನಕ್ಕೆ ನೆಲ ಸಾರಿಸಬೇಕಿತ್ತು, ಕೈ ಬೇಕು ಎಂದಳು. ಪಾದ್ರಿ ಊರಲ್ಲಿರಲಿಲ್ಲ. ಇನ್ನಾಸಪ್ಪ ಬಜಾರಕ್ಕೆ ಹೋಗಿದ್ದ. ಅವಳು ನೆಲ ಪೂರ್ತಿ ಸಾರಿಸಿದಳು, ಒಂದು ಮೂಲೆಯನ್ನೂ ಬಿಡಲಿಲ್ಲ. ಕೈ ತೊಳೆದುಕೊಂಡಳು. ಹಳೆಯ ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡಳು. ನೇರವಾಗಿ ಪೀಠದ ಹತ್ತಿರ ನಡೆದು, ಸಂತನನ್ನು ಎರಡೂ ಕೈಯಿಂದ ಅಪ್ಪಿ ಕೆಳಗಿಳಿಸಿದಳು.

"ವೈನಿ, ಮುಟ್ಟಬಾರದು."

"ಹೊರಸು," ಎಂದಳು.

ನಾನು ಕದಲಲಿಲ್ಲ. ಅವಳು ಕಿಟಕಿಯ ಕಟ್ಟೆಯ ಮೇಲೆ ಸಂತನನ್ನು ಕೂಡಿಸಿ, ತಾನೇ ಬಗ್ಗಿ, ತಾನೇ ತಲೆಗೆ ಎಳೆದುಕೊಂಡಳು. ಕುತ್ತಿಗೆಯ ನರ ಉಬ್ಬಿತು. ಹೊರಗೆ ಪಾದ್ರಿಯ ಅಡುಗೆಯ ಜಿಜಾಬಾಯಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಮೊರ ಕೈಯಲ್ಲೇ ಉಳಿಯಿತು.

"ಜಿಜಾಬಾಯಿ, ಪಾದ್ರಿಸಾಬ್ರು ಬಂದ್ರ ಹೇಳು. ಸಂತರು ಸಾಕ್ಷಿ ಹೇಳಾಕ ಕಲ್ಯಾಣಿ ಕಚೇರಿಗಿ ಹೋಗ್ಯಾರ. ಸುಗಂಧಾ ಒಯ್ದಾಳ ಅಂತ ನನ್ನ ಹೆಸರ ತಗೊಂಡ ಹೇಳು."

ನಾನು ಇಪ್ಪತ್ತು ಹೆಜ್ಜೆ ಹಿಂದೆ ನಡೆದೆ. ಯಾರಾದರೂ ಕೇಳಿದರೆ ಇವಳು ಯಾರೋ ಗೊತ್ತಿಲ್ಲ ಎನ್ನುವಷ್ಟು ಹಿಂದೆ. ಉಪದೇಶಿಯಾಗುವವನಲ್ಲವೇ ನಾನು! ದಾರಿಯ ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು, ಜನ ಕೊಯ್ಯುತ್ತಿದ್ದರು. ಕುಡುಗೋಲು ಹಿಡಿದವರು ಸೆಟೆದು ನಿಂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಊರಿನ ನಮ್ಮವರ ಕೇರಿಯ ಮುಂದೆ ಹಾದೆವು. ತಲೆಯ ಮೇಲೆ ಮೂರ್ತಿ ಹೊತ್ತ ಹೆಂಗಸು ಬಂದರೆ ನಮ್ಮವರು ಬೇರೆ ಏನು ತಿಳಿದಾರು? ಯಾವುದೋ ಅಮ್ಮನ ಸವಾರಿ ಬಂತೆಂದು ಹೆಂಗಸರು ಕೊಡದಲ್ಲಿ ನೀರು, ತಟ್ಟೆಯಲ್ಲಿ ಭಂಡಾರ ತಂದರು. ಹೊತ್ತವಳ ಕಾಲಿಗೆ ನೀರು ಹಾಕಲು ಬಗ್ಗಿದರು.

"ಯಾವ ತಾಯಿ ತಂಗೀ ಇದು?" ಎಂದು ಒಬ್ಬ ಮುದುಕಿ ಕೇಳಿದಳು.

"ತಾಯಿ ಅಲ್ಲವ್ವಾ, ಸಾಕ್ಷಿ," ಎಂದಳು ಸುಗಂಧಾ. "ಕಾಲಿಗಿ ಹಾಕಬ್ಯಾಡ್ರಿ. ಕುಡ್ಯಾಕ ಕೊಡ್ರಿ."

ಅವರಿಗೆ ತಿಳಿಯಲಿಲ್ಲ. ಆದರೂ ಕೊಟ್ಟರು. ಅವಳು ತಲೆಯ ಹೊರೆ ಇಳಿಸದೆ, ಒಂದು ಕೈಯಲ್ಲಿ ಹಿಡಿದು, ಇನ್ನೊಂದರ ಅಂಗೈಯಲ್ಲಿ ಕುಡಿದಳು. ನೀರು ಅರ್ಧ ಚೆಲ್ಲಿತು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಹೇಸಿಕೆ ಬಂತು. ಮುಂದೆ ಹೋಗಿ ಸಂತನನ್ನು ಇಳಿಸಿಕೊಂಡು ನನ್ನ ಹೆಗಲಿಗೆ ಏರಿಸಿದೆ. ಮುಟ್ಟಿದರೆ ಏನಾದರೂ ಆದೀತೆಂದು ಆರು ತಿಂಗಳು ನಾನು ಹೆದರಿದ್ದ ವಸ್ತು. ಏನೂ ಆಗಲಿಲ್ಲ. ಭಾರ ಇತ್ತು, ಅಡಿಯ ಮೂಲೆ ಚುಚ್ಚುತ್ತಿತ್ತು, ಅಷ್ಟೇ.

"ವೈನಿ, ಇದು ಖರೇನ ಮಾತಾಡ್ತದ ಅಂತ ತಿಳಿದೀ ಏನು?"

"ಮಾತಾಡಂಗಿಲ್ಲಾಂದ್ರ ಒಂಬತ್ತ ವಾರ ನನ್ನ ಮೊಣಕಾಲ ಯಾಕ ಸವಸಿದ್ರು?" ಎಂದಳು. ಸ್ವಲ್ಪ ದೂರ ನಡೆದ ಮೇಲೆ ತಾನೇ ಹೇಳಿದಳು. "ನಾ ಹುಚ್ಚಿ ಅಲ್ಲೋ. ನನ್ನ ಗಂಡನ ಸಲುವಾಗಿ ಆ ಪಾದ್ರಿ ಕಲ್ಯಾಣಿಗಿ ಬರಂಗಿಲ್ಲ. ಇದರ ಸಲುವಾಗಿ ಬರ್ತಾನ."

ರಾಜೇಶ್ವರದ ಹತ್ತಿರ ನೆಂಟರ ಮನೆಯಲ್ಲಿ ಉಳಿದು, ಬುಧವಾರ ಮುಂಜಾನೆ ಮತ್ತೆ ಹೊರಟೆವು. ಕಚೇರಿ ತೆರೆಯುವ ಹೊತ್ತಿಗೆ ಕಲ್ಯಾಣಿ ಮುಟ್ಟಿದೆವು. ಊರೊಳಗೆ ಅವಳೇ ಹೊತ್ತಳು, ನನಗೆ ಕೊಡಲಿಲ್ಲ.

ಅಬ್ದುಲ್ ಕರೀಂ ಬಾಗಿಲು ಬಿಟ್ಟು ಓಡಿ ಬಂದ. "ಇದೇನ ತಂದೀ ತಂಗೀ?"

"ದೊಡ್ಡ ಮನಷ್ಯಾನ್ನ ತಾ ಅಂದಿದ್ದಿ ಅಣ್ಣಾ. ಇಂವನಕಿಂತ ದೊಡ್ಡಾಂವ ನಮ್ಮ ಗಿರ್ಜಾದಾಗ ಇಲ್ಲ."

ಕರೀಂ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಬಾಗಿಲಿನಿಂದ ಸರಿದು ನಿಂತ. ಅವನ ನೌಕರಿಗೆ ಅದು ಸಣ್ಣ ಧೈರ್ಯವಲ್ಲ.

ಹೊಸ ಸಾಹೇಬ ಧಾರವಾಡದ ಕಡೆಯವನು, ಕನ್ನಡದವನು. ಎದುರು ಕುರ್ಚಿಯಲ್ಲಿ ಮಹಾರುದ್ರಪ್ಪ ಕುಳಿತು ಚಹ ಕುಡಿಯುತ್ತಿದ್ದ. ವಾರಕ್ಕೊಮ್ಮೆ ಬಂದು ಒಂದೆರಡು ಹೆಸರು ಬರೆಸಿ ಹೋಗುವ ಚಟ ಹತ್ತಿತ್ತು ಅವನಿಗೆ. ಸುಗಂಧಾ ಒಳಗೆ ಹೋಗಿ ಸಂತನನ್ನು ಸಾಹೇಬನ ಮೇಜಿನ ಮೇಲೆ ಇಟ್ಟಳು. ಕಾಗದಗಳು ಅಡಿಗೆ ಸಿಕ್ಕವು.

"ಏನಿದು?"

"ಸಾಕ್ಷಿರಿ. ಹಾಜರ ಮಾಡು ಅಂದಿದ್ರಿ. ಮಾಡೀನಿ."

ಸಾಹೇಬ ಮೊದಲು ಹುಬ್ಬು ಗಂಟಿಕ್ಕಿದ. ಆಮೇಲೆ ಅವನಿಗೆ ಮೋಜು ಹತ್ತಿತು. ಎರಡು ತಿಂಗಳಿಂದ ಅಳುವ ಮಂದಿಯನ್ನೇ ನೋಡಿ ನೋಡಿ ಬೇಸತ್ತಿದ್ದನೇನೋ. "ಹೆಸರೇನು ಸಾಕ್ಷೀದು?"

"ಅಂತೋಣಿ."

"ತಂದಿ ಹೆಸರು?"

"ಅದು ಪಾದ್ರಿಸಾಬ್ರಿಗಿ ಗೊತ್ತರಿ. ಬರಾಕತ್ತಾರ."

"ಇಂವ ಮಾತಾಡ್ತಾನೇನು?"

"ಒಂಬತ್ತ ವಾರ ನನ್ನ ಹತ್ರ ಮಾತಾಡಿಲ್ರಿ. ನೀವು ಸರಕಾರದವ್ರು, ನಿಮ್ಮ ಹತ್ರ ಮಾತಾಡಿದ್ರೂ ಮಾತಾಡ್ಯಾನು. ಜೂನ್ ತಿಂಗಳಾಗ ಲೂಟಿ ಆದ ದಿನ ನನ್ನ ಗಂಡ ನರಸಿಂಗ ಇವನ್ನ ಹೊರಾಕತ್ತಿದ್ದ. ಕೇಳ್ರಿ."

ಗುಮಾಸ್ತರು ನಕ್ಕರು. ಪಾಟೀಲ ಎಲ್ಲರಿಗಿಂತ ಜೋರಾಗಿ ನಕ್ಕ. ಸುಗಂಧಾ ನಗಲಿಲ್ಲ. ಮೇಜಿನ ಪಕ್ಕ ನೆಟ್ಟಗೆ ನಿಂತಿದ್ದಳು. ಸಾಹೇಬನ ಮೇಜಿನ ಅಷ್ಟು ಹತ್ತಿರ ನಮ್ಮವರು ಯಾರೂ ಹಿಂದೆ ನಿಂತಿರಲಿಲ್ಲ.

ಅಷ್ಟರಲ್ಲಿ ಬಂದರು. ಪಾದ್ರಿಯ ಬಿಳಿ ನಿಲುವಂಗಿ ಮೋಟಾರಿನ ಧೂಳಿನಿಂದ ಕೆಂಪಾಗಿತ್ತು. ಹಿಂದೆ ಇನ್ನಾಸಪ್ಪ ತಗಡಿನ ಪೆಟ್ಟಿಗೆ ಹಿಡಿದಿದ್ದ. ಬಾಗಿಲಲ್ಲೇ ನಿಂತು ಪಾದ್ರಿ ಏದುಸಿರಿನಲ್ಲಿ, "ಇದು ನಮ್ಮ ದೇವಾಲಯದ ಮೂರ್ತಿ. ಈ ಸ್ತ್ರೀ ಕದ್ದಿದ್ದಾಳೆ," ಎಂದ.

ಎರಡು ತಿಂಗಳು ಕಲ್ಯಾಣಿಯ ದಾರಿ ಅರಿಯದವನು ಒಂದೇ ಮುಂಜಾವಿಗೆ ಬಂದು ನಿಂತಿದ್ದ.

ಸಾಹೇಬ ಅವನಿಗೆ ಕುರ್ಚಿ ಕೊಡಿಸಿದ. "ನಿಮ್ಮದು ಅನ್ನಾಕ ಪುರಾವೆ ಏನದ?"

ಇನ್ನಾಸಪ್ಪ ಹೆಮ್ಮೆಯಿಂದ ಪೆಟ್ಟಿಗೆ ತೆರೆದು ಮೋಟಾರಿನವರು ಸಾಮಾನಿಗೆ ಕೊಟ್ಟ ರಸೀದಿ, ಬಿಲ್ಟಿ, ತೆಗೆದಿಟ್ಟ. ಸಾಹೇಬ ಓದಿದ. "ಹೈದರಾಬಾದಿನಿಂದ ಹುಮನಾಬಾದ. ಪೆಟಗಿ ಒಂದು. ಜೂನ್ ಹನ್ನೆರಡು." ತಲೆಯೆತ್ತಿದ. "ಪಾಟೀಲ್ರ, ನಿಮ್ಮ ಮನಿ ಲೂಟಿ ಆಗಿದ್ದು ಯಾವತ್ತು?"

ಪಾಟೀಲನ ಚಹ ಬಟ್ಟಲಲ್ಲೇ ಉಳಿಯಿತು. "ಅದ ದಿನ ಇರಬೇಕ್ರಿ."

"ಇರಬೇಕಲ್ಲ, ನೀವೇ ಬರಸೀರಿ ಇಲ್ಲೆ. ಈ ಪೆಟಗಿ ಮೋಟಾರಿನಿಂದ ಇಳಿಸಿಕೊಂಡಾಂವ ಯಾರು?"

"ಯಾರೋ ಹಮಾಲರಿ," ಎಂದ ಇನ್ನಾಸಪ್ಪ.

ಸುಗಂಧಾ ಅವನ ಕಡೆ ನೋಡಲೂ ಇಲ್ಲ. ಪಾದ್ರಿಯನ್ನು ನೋಡಿದಳು. "ಪಾದ್ರಿಸಾಬ್ರೆ, ಸಂತರು ನೋಡ್ಯಾರ ಅಂದ್ರಿ. ಅವ್ರು ಹೇಳಂಗಿಲ್ಲ. ನೀವೂ ನೋಡೀರಿ. ಹೇಳ್ರಿ."

ಪಾದ್ರಿ ತನ್ನ ಜಪಸರ ಹಿಡಿದುಕೊಂಡ. ತುಟಿ ಅಲುಗಿತು. ಅಲ್ಲಿಯೂ ಜಪ! ಸಾಹೇಬ ಬಿಲ್ಟಿಯನ್ನು ಮಡಿಸಿ ಇಟ್ಟ. "ಯಾರು ತಂದ್ರು ಅಂತ ಹೇಳಲಿಲ್ಲಾಂದ್ರ ಈ ಗೊಂಬಿ ಇಲ್ಲೇ ಇರ್ತದ. ಜಪ್ತ."

ಬಡಾದಿನಕ್ಕೆ ಮೂರು ದಿನ ಉಳಿದಿತ್ತು. ಪಾದ್ರಿ ಖಾಲಿ ಪೀಠವನ್ನು ನೆನೆದಿರಬೇಕು. "ಜೋಸೆಫ್," ಎಂದ.

"ಯಾವ ಜೋಸೆಫ್?"

"ನರಸಿಂಗ. ಇವಳ ಪತಿ."

"ಯಾವಾಗಿಂದ ಯಾವಾಗಿನ ತನಕ ನಿಮ್ಮ ಹತ್ರ ಇದ್ದ?"

"ಶನಿವಾರ ಬೆಳಗಿನಿಂದ ಭಾನುವಾರ ಸಂಜೆಯವರೆಗೆ."

ಒಬ್ಬ ಮನುಷ್ಯನ ಜೀವಕ್ಕೆ ತೆರೆಯದ ಬಾಯಿ ಮೂರು ಅಡಿ ಬಿಳಿಮಣ್ಣಿಗೆ ತೆರೆಯಿತು. ಸಾಹೇಬ ಬರೆಸಿಕೊಂಡ, ಪಾದ್ರಿಯಿಂದ ಸಹಿ ಹಾಕಿಸಿದ. ಇದನ್ನು ನ್ಯಾಯ ಎಂದು ತಿಳಿಯಬೇಡಿ. ಅವನಿಗೆ ಅಂದು ಮೋಜು ಬೇಕಿತ್ತು, ಸಿಕ್ಕಿತು. ಸಿಟ್ಟಿನಲ್ಲಿ ಇದ್ದಿದ್ದರೆ ನಮ್ಮಿಬ್ಬರನ್ನೂ ಒಳಗೆ ಹಾಕುತ್ತಿದ್ದ. ಪಾದ್ರಿ ಬಂದ ಮೇಲೆ ಅವನು ಸುಗಂಧಾಳ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ನಾಳೆ ಹುಕುಂ ಆಗುತ್ತದೆ ಎಂದು ಗೋಡೆಗೆ ಹೇಳಿದ. ಸುಳ್ಳು ಬರೆಸಿದ ಪಾಟೀಲನಿಗೆ ಏನೂ ಆಗಲಿಲ್ಲ, ಅವನು ಚಹ ಮುಗಿಸಿ ಎದ್ದು ಹೋದ.

ಹೊರಗೆ ಕಚೇರಿಯ ಕಟ್ಟೆಯ ಮೇಲೆ ಸಂತನನ್ನು ತಂದಿಟ್ಟರು. ಸಹಿ ಮಾಡಿ ಹೊರಗೆ ಬಂದ ಮೇಲೆ ಪಾದ್ರಿಗೆ ಮತ್ತೆ ಪಾದ್ರಿತನ ಬಂತು. "ನೋಡಿದೆಯಾ ಮಗಳೇ? ಸಂತರು ನಿನ್ನ ಮೊರೆ ಕೇಳಿದರು. ನಿನ್ನ ತಪ್ಪನ್ನೂ ಅವರು ಕ್ಷಮಿಸುತ್ತಾರೆ. ಭಾನುವಾರ ಬಂದು ಎಲ್ಲರ ಮುಂದೆ ಅವರಿಗೆ ವಂದನೆ ಸಲ್ಲಿಸು."

"ಸಂತರು ಕೇಳಿಲ್ರಿ," ಎಂದಳು ಸುಗಂಧಾ. "ನೀವು ಕೇಳೀರಿ. ಅದೂ ನಿಮ್ಮ ಗೊಂಬಿ ಕೈ ಬಿಟ್ಟ ಹೋದ ಮ್ಯಾಲ."

"ಸಾಕು ಮಾತು. ಎತ್ತು, ಮೋಟಾರ್ ಹೊಂಡ್ತದ," ಎಂದ ಇನ್ನಾಸಪ್ಪ.

"ನಾ ಮುಟ್ಟಬಾರದಲ್ರಿ."

ಅವಳು ಸಿಂಬಿ ಬಿಚ್ಚಿ, ಕೊಡವಿ, ಅದರಲ್ಲೇ ಮುಖ ಒರೆಸಿಕೊಂಡು, ಕಿಲ್ಲೆಯ ಕಡೆ ಹೊರಟಳು. ಇನ್ನಾಸಪ್ಪ ನನ್ನ ಕಡೆ ತಿರುಗಿದ. "ಮತ್ತಾಯ, ನೀ ಹಿಡಿ."

ಅವನಿಗೆ ಗೊತ್ತಿತ್ತು, ನಾನು ಹಿಡಿಯುತ್ತೇನೆ. ನನಗೂ ಹಾಗೇ ಅನಿಸಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡೆ. "ನನ್ನ ಹೆಸರು ಮಚ್ಚೇಂದ್ರರಿ," ಎಂದೆ. ಪಾದ್ರಿ ಒಂದು ತುದಿ, ಉಪದೇಶಿ ಒಂದು ತುದಿ ಹಿಡಿದು ಸಂತನನ್ನು ಮೋಟಾರಿನ ತನಕ ಒಯ್ದರು. ಎರಡು ಕಡೆ ಇಳಿಸಿ ದಣಿವಾರಿಸಿಕೊಂಡರು. ಬಜಾರದ ಮಂದಿ ನೋಡಿದರು. ಉಪದೇಶಿಯಾಗುವ ನನ್ನ ಆಸೆ ಅಲ್ಲಿಗೆ ಮುಗಿಯಿತು.

ಗುರುವಾರ ಮಧ್ಯಾಹ್ನ ಅಣ್ಣನನ್ನು ಬಿಟ್ಟರು. ಗಲ್ಲ ಒಳಕ್ಕೆ ಹೋಗಿತ್ತು. ಎಡಗೈ ಮೇಲೆ ಏಳುತ್ತಿರಲಿಲ್ಲ. ಕಿಲ್ಲೆಯ ಬಾಗಿಲು ದಾಟಿ ಬಂದವನು ಮೊದಲು ಬಲಗೈಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ಪಾದ್ರಿಸಾಬ್ರು ಬಂದು ಬಿಡಿಸಿದ್ರಂತಲ್ಲ. ಒಳಗ ಎಲ್ಲಾರೂ ಅದನ್ನ ಅನ್ನಾಕತ್ತಾರ. ಸಂತರು ದೊಡ್ಡವ್ರು, ಸುಗಂಧಾ."

ಅವಳ ಕೈಯಲ್ಲಿ ರೊಟ್ಟಿಯ ಗಂಟಿತ್ತು. ಕೊಡಲು ಮುಂದೆ ಮಾಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಯಾರು ಬಿಡಿಸಿದ್ರು?"

"ಪಾದ್ರಿಸಾಬ್ರು."

"ಯಾರು?"

ಅಣ್ಣನಿಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿದ. ಸುಗಂಧಾ ಸೆರಗು ಸರಿಸಿ ತಲೆ ಬಗ್ಗಿಸಿದಳು. ನೆತ್ತಿಯ ಕೂದಲು ಹರಿದು ಚರ್ಮ ಸುಲಿದಿತ್ತು. ರಕ್ತ ಕಪ್ಪಾಗಿ ಅಂಟಿಕೊಂಡಿತ್ತು.

"ಇಲ್ಲಿ ಕೈ ಇಟ್ಟು ಹೇಳು."

ಅಣ್ಣ ಕೈ ಇಟ್ಟ. ಬಿಸಿ ತಾಗಿದವನ ಹಾಗೆ ತೆಗೆಯಲು ಹೋದ. ಅವಳು ಅವನ ಮಣಿಕಟ್ಟು ಹಿಡಿದು ಅಲ್ಲೇ ಒತ್ತಿದಳು. ಜನ ಹೋಗಿ ಬರುವ ದಾರಿ, ನಟ್ಟ ನಡು ಹಗಲು. ಅವಳು ಬಿಡಲಿಲ್ಲ.

"ನೀ," ಎಂದ ಅಣ್ಣ. "ನೀ ಬಿಡಿಸಿದಿ."

ಆಮೇಲೆ ಅವಳು ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು.